ವಿದ್ಯುತ್ ಕಾರೂ ವಿದ್ಯಾರ್ಥಿಗಳೂ

1968ನೆಯ ಇಸವಿ ಆಗಸ್ಟ್ 26ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಎರಡು ಅಂಚುಗಳಿಂದ ಎರಡು ಬಂಡಿಗಳು ಏಕಕಾಲದಲ್ಲಿ ಹೊರಟವು. ಒಂದು, ಪಶ್ಚಿಮದ ಪ್ಯಾಸಡೀನ ನಗರದಲ್ಲಿರುವ, ಕ್ಯಾಲ್‌ಟೆಕ್ ಎಂದು ಪ್ರಸಿದ್ಧವಾದ ವಿದ್ಯಾಸಂಸ್ಥೆಯ ವಿದ್ಯಾರ್ಥಿಗಳದು. ಇನ್ನೊಂದು, ಪೂರ್ವದ ಕೇಂಬ್ರಿಜ್ ನಗರದಲ್ಲಿರುವ ಎಂ.ಐ.ಟಿ. ಸಂಸ್ಥೆಯ ವಿದ್ಯಾರ್ಥಿಗಳದು. ಕ್ಯಾಲ್‌ಟೆಕ್ಕಿನ ಬಂಡಿ ಎಂ.ಐ.ಟಿ.ಯ ಅಂಗಳವನ್ನೂ, ಎಂ.ಐ.ಟಿ.ಯ ಬಂಡಿ ಕ್ಯಾಲ್‌ಟೆಕ್ಕಿನ ಅಂಗಳವನ್ನೂ ಮುಟ್ಟಬೇಕು. ಕಡಿಮೆ ಹೊತ್ತಿನಲ್ಲಿ ಮುಟ್ಟಿದವರು ಗೆದ್ದಂತೆ. ನಡುವಣ ದಾರಿ ಸುಮಾರು 5,300 ಕಿಲೋಮೀಟರು. ಕನ್ಯಾಕುಮಾರಿಯಿಂದ ಕಾಶ್ಮೀರದವರೆಗೆ ಹೋಗಿ, ಮತ್ತೆ ಅರ್ಧಕ್ಕೆ ಸಮೀಪದ ದಾರಿಯನ್ನು ಹಿಂದಿರುಗಿದಷ್ಟು. ಇಷ್ಟೇ ಆಗಿದ್ದರೆ ಅದು ಮತ್ತೊಂದು ಮೋಟಾರು ಪಂದ್ಯವೆನಿಸುತ್ತಿತ್ತು. ಆದರೆ ಈ ಎರಡು ಬಂಡಿಗಳಲ್ಲಿಯೂ ಓಟಕ್ಕೆ ಒಂದು ತೊಟ್ಟು ಪೆಟ್ರೋಲು ಇರಲಿಲ್ಲ. ಎರಡೂ ಬ್ಯಾಟರಿಯಿಂದ ಓಡತಕ್ಕವು.

ಈ ಸವಾಲನ್ನು ಹಾಕಿದವರು ವಾಲಿ ರಿಪ್ಪೆಲ್ ಎಂಬ ಕ್ಯಾಲ್‌ಟೆಕ್ ವಿದ್ಯಾರ್ಥಿ. ಪ್ಯಾಸಡೀನ ಎಂಬುದು ಲಾಸ್ ಏಂಜಲೀಸಿನ ನೆರೆಯೂರು. ಆ ಕಾಲದಲ್ಲಿ ಅಲ್ಲಿನ ಆಕಾಶವನ್ನು ಕಣ್ಣುರಿಸುವ ಕಂದು ಬಣ್ಣದ ಹೊಗೆಮಂಜು ದಿನಗಟ್ಟಲೆ ಕವಿದುಕೊಂಡಿರುತ್ತಿತ್ತು. ಅದು ಎಲ್ಲಿಂದ ಬರುವುದೆಂದು ಮೊದಲು ಸರಿಯಾಗಿ ತೋರಿಸಿಕೊಟ್ಟವರೂ ಕ್ಯಾಲ್‌ಟೆಕ್ಕಿನವರೇ. ಮೋಟಾರು ಕಾರುಗಳ ಹೊಗೆಯಲ್ಲಿನ ಅನಿಲಗಳು ಬಿಸಿಲಿನ ಪ್ರಭಾವದಿಂದ ಒಂದರೊಡನೊಂದು ವರ್ತಿಸಿ ಓಜೋನನ್ನು ಹುಟ್ಟಿಸುತ್ತವೆ ಎಂದು 1950ರ ದಶಕದ ಆರಂಭದಲ್ಲಿ ಪ್ರೊಫೆಸರ್ ಹಾಗೆನ್-ಸ್ಮಿಟ್ ಸಿದ್ಧಪಡಿಸಿದ್ದರು. ರೋಗದ ಮೂಲ ತಿಳಿದಿತ್ತು. ಹಾಗಾದರೆ ಹೊಗೆಯುಗುಳದ ಕಾರನ್ನೇ ಏಕೆ ಮಾಡಬಾರದು? ರಿಪ್ಪೆಲ್ 1958ರ ಹಳೆಯ ಫೋಕ್ಸ್‌ವ್ಯಾಗನ್ ವ್ಯಾನೊಂದರ ಎಂಜಿನನ್ನು ಕಿತ್ತು, ಆ ಜಾಗದಲ್ಲಿ ವಿದ್ಯುತ್ ಮೋಟಾರನ್ನು ಕೂರಿಸಿ, ಒಡಲೊಳಗೆ ಬ್ಯಾಟರಿಗಳನ್ನು ತುಂಬಿದರು. ಎಂ.ಐ.ಟಿ.ಯವರು ಷವರ್ಲೆ ಕಂಪೆನಿಯ ಹೊಚ್ಚ ಹೊಸ ಕಾರ್ವೇರ್ ಕಾರನ್ನು ಪರಿವರ್ತಿಸಿಕೊಂಡು ಕಣಕ್ಕಿಳಿದರು.

ವಿದ್ಯುತ್ ಕಾರು ಆಗಲೂ ಹೊಸ ಕಲ್ಪನೆಯೇನಲ್ಲ. ಗಂಟೆಗೆ 100 ಕಿಲೋಮೀಟರು ವೇಗವನ್ನು ಮೀರಿದ ಮೊತ್ತಮೊದಲಿನ ಮೋಟಾರು ಬಂಡಿ ವಿದ್ಯುತ್ತಿನದು. ಬೆಲ್ಜಿಯಂ ದೇಶದ ಕಮೀಲ್ ಜೆನಾಟ್ಸಿ ಅದನ್ನು 1899ರಲ್ಲಿಯೇ ಓಡಿಸಿದ್ದರು. ಪೆಟ್ರೋಲು ಕಾರನ್ನು ಚಾಲೂ ಮಾಡಲು ಆಗ ಮುಂದೆ ನಿಂತು ಕಬ್ಬಿಣದ ಹಿಡಿಯನ್ನು ತಿರುವಬೇಕಾಗಿತ್ತು. ಕೈ ಮುರಿದುಕೊಂಡವರೂ ಉಂಟು. 1912ರಲ್ಲಿ ಕ್ಯಾಡಿಲ್ಯಾಕ್ ಕಾರಿಗೆ ಕೆಟರಿಂಗ್ ಅವರ ಸ್ವಯಂಚಾಲಕ ಬಂದ ಮೇಲೆ ಆ ಕಷ್ಟ ತಪ್ಪಿತು. ಈ ಸ್ವಯಂಚಾಲಕವೆಂದರೆ ಒಂದು ಚಿಕ್ಕ ವಿದ್ಯುತ್ ಮೋಟಾರು! ವಿದ್ಯುತ್ ಕಾರನ್ನು ಮಾರುಕಟ್ಟೆಯಿಂದ ಹೊರದೂಡಿದ್ದರಲ್ಲಿ ವಿದ್ಯುತ್ ಮೋಟಾರಿನದೇ ಒಂದು ಕೈಯಿದೆ ಎಂಬುದು ಚರಿತ್ರೆಯ ಕುಚೋದ್ಯ.

ಆದರೆ ನಿಜವಾದ ಕಾರಣ ಇನ್ನೂ ಆಳದಲ್ಲಿದೆ. ನಮ್ಮ ತರಗತಿಗಳಲ್ಲಿ ವಿದ್ಯಾರ್ಥಿಗಳು ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದುಂಟು: ಮೋಟಾರಿನ ದಕ್ಷತೆ ಶೇಕಡ 90ರಷ್ಟಿದ್ದು, ಪೆಟ್ರೋಲು ಎಂಜಿನ್ನಿನದು 25ರ ಸುಮಾರಿನಲ್ಲಿರುವಾಗ, ನೂರು ವರ್ಷ ಪೆಟ್ರೋಲೇ ಗೆದ್ದುದು ಹೇಗೆ? ಒಂದು ಕಿಲೋಗ್ರಾಂ ಪೆಟ್ರೋಲನ್ನು ಉರಿಸಿದರೆ ಸುಮಾರು 12 ಕಿಲೋವಾಟ್-ಗಂಟೆ, ಎಂದರೆ ನಮ್ಮ ಮನೆಯ ಮೀಟರಿನ ಲೆಕ್ಕದಲ್ಲಿ 12 ಯೂನಿಟ್ ಶಕ್ತಿ ಹೊರಡುವುದು. ಎಂಜಿನ್ ಅದರಲ್ಲಿ ಮುಕ್ಕಾಲು ಪಾಲನ್ನು ಬಿಸಿಯಾಗಿ ಚೆಲ್ಲಿದರೂ ಚಕ್ರಕ್ಕೆ 3 ಯೂನಿಟ್ ಉಳಿಯಿತು. ಒಂದು ಕಿಲೋಗ್ರಾಂ ತೂಕದ ಸೀಸ-ಆಮ್ಲ ಬ್ಯಾಟರಿಯಲ್ಲಿ ಹಿಡಿಯುವುದು ಒಂದು ಯೂನಿಟ್ಟಿನ ಮೂವತ್ತರಲ್ಲೊಂದು ಭಾಗದಷ್ಟು ಮಾತ್ರ. ಮೋಟಾರು ಅದನ್ನು ಬಹುಮಟ್ಟಿಗೆ ಪೋಲು ಮಾಡದೆ ಉಪಯೋಗಿಸಿತೆಂದೇ ಇಟ್ಟುಕೊಳ್ಳೋಣ. ಆದರೂ ತೂಕಕ್ಕೆ ತೂಕ ಹೋಲಿಸಿದಾಗ ಪೆಟ್ರೋಲು ನೂರು ಪಟ್ಟು ಮುಂದಿದೆ. ವಿದ್ಯುತ್ ಕಾರಿನ ಎಂಜಿನಿಯರು ಹೆಣಗಬೇಕಾದದ್ದು ಈ ನೂರರೊಡನೆ.

1968ರ ವಿದ್ಯಾರ್ಥಿಗಳು ಅದರೊಡನೆಯೇ ಹೆಣಗಿದರು. ಬ್ಯಾಟರಿಗಳು ತುಸು ದೂರದಲ್ಲಿಯೇ ಬರಿದಾಗುವುದರಿಂದ, ಸರಿಸುಮಾರು ನೂರು ಕಿಲೋಮೀಟರಿಗೆ ಒಂದರಂತೆ ದಾರಿಯುದ್ದಕ್ಕೂ ಐವತ್ತಕ್ಕೂ ಹೆಚ್ಚು ಕಡೆಗಳಲ್ಲಿ ವಿದ್ಯುತ್ ತುಂಬುವ ಏರ್ಪಾಡನ್ನು ಮಾಡಲಾಗಿತ್ತು. ಎಂ.ಐ.ಟಿ.ಯವರು ಆರಿಸಿಕೊಂಡದ್ದು ನಿಕೆಲ್-ಕ್ಯಾಡ್ಮಿಯಂ ಬ್ಯಾಟರಿಗಳನ್ನು. ಇವು ಬೇಗ ತುಂಬಿಕೊಳ್ಳುತ್ತವೆ. ಆದರೆ ಬೆಲೆ ವಿಪರೀತ. ಕ್ಯಾಲ್‌ಟೆಕ್ಕಿನವರು ಸೀಸದ ಜಾತಿಯ ಅಗ್ಗದ ಬ್ಯಾಟರಿಗಳಿಗೇ ಅಂಟಿಕೊಂಡರು. ಒಂದು ಪಕ್ಷ ಅತ್ಯುತ್ತಮವಾದುದನ್ನು ಬಯಸಿತು, ಇನ್ನೊಂದು ಕೈಗೆಟಕುವುದನ್ನು. ಇವೆರಡರಲ್ಲಿ ಯಾವುದು ಮೇಲೆಂದು ಪಠ್ಯಪುಸ್ತಕವನ್ನು ತೆರೆದು ಹೇಳಲಾಗುವುದಿಲ್ಲ.

ದಾರಿಯೇ ಹೇಳಿತು. ಬೇಗ ಬೇಗನೆ ವಿದ್ಯುತ್ತನ್ನು ತುಂಬಿದಾಗ ಎಂ.ಐ.ಟಿ.ಯ ಬ್ಯಾಟರಿಗಳು ಕಾದು ಕೆಂಡದಂತಾದವು. ಅವನ್ನು ತಣಿಸಲು ಹುಡುಗರು ಮಂಜುಗಡ್ಡೆಗಳನ್ನು ಕೊಂಡು ತಂದು ಸುರಿಯಬೇಕಾಯಿತು. ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಬಿಸಿ ಹುಟ್ಟುವುದೆಂಬ ಜೌಲನ ನಿಯಮವನ್ನು ಅವರು ಪರೀಕ್ಷೆಯಲ್ಲಿ ಬರೆದೇ ಇದ್ದಿರಬೇಕು. ಮಂಜುಗಡ್ಡೆಯ ಮೂಟೆ ಹೊತ್ತ ಮೇಲೆ ಅದನ್ನು ಮರೆತಿರಲಾರರು. ಅತ್ತ ಕ್ಯಾಲ್‌ಟೆಕ್ಕಿನ ವ್ಯಾನು ಹೊರಟು ಬಹಳ ದೂರ ಹೋಗುವ ಮೊದಲೇ ಅರಿಜೋನಾ ಪ್ರಾಂತದಲ್ಲಿ ಅದರ ಮೋಟಾರು ಸುಟ್ಟುಹೋಯಿತು. ಬದಲಿ ಮೋಟಾರನ್ನು ತರಿಸಿ ಜೋಡಿಸುವಷ್ಟರಲ್ಲಿ ಅಮೂಲ್ಯವಾದ ಹೊತ್ತು ಕಳೆದಿತ್ತು. ಕೊನೆಗೆ ಮೊದಲು ಗುರಿ ಮುಟ್ಟಿದ್ದು ಎಂ.ಐ.ಟಿ.ಯ ಕಾರು. ಆದರೆ ಅದನ್ನು ದಾರಿಯಲ್ಲಿ ಇನ್ನೊಂದು ವಾಹನಕ್ಕೆ ಕಟ್ಟಿ ಎಳೆಸಬೇಕಾಗಿ ಬಂದಿದ್ದರಿಂದ, ನಿಯಮದಂತೆ ದಂಡದ ಗಂಟೆಗಳನ್ನು ಕೂಡಿಸಿದರು. ಒಟ್ಟು 210 ಗಂಟೆಗಳಿಗೂ ಮೀರಿದ ಲೆಕ್ಕದಲ್ಲಿ ಕ್ಯಾಲ್‌ಟೆಕ್ ಅರ್ಧ ಗಂಟೆಯಷ್ಟು ಅಂತರದಿಂದ ಗೆದ್ದಿತು.

ಒಂಬತ್ತು ದಿನಗಳಲ್ಲಿ ಅಷ್ಟು ದೂರ! ಪೆಟ್ರೋಲು ಕಾರಿನವರು ನಕ್ಕಿರಲೂಬಹುದು. ಆದರೆ ಆ ವ್ಯಾನನ್ನು ಕಟ್ಟಿದ ವಿದ್ಯಾರ್ಥಿ ಮುಂದೇನಾದರು ಎಂಬುದನ್ನು ನೋಡಿರಿ. ರಿಪ್ಪೆಲ್ ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಶಾಲೆಯನ್ನು ಸೇರಿದರು. ಜನರಲ್ ಮೋಟಾರ್ಸ್ ಕಂಪೆನಿಯ ಇ.ವಿ.1 ಎಂಬ ವಿದ್ಯುತ್ ಕಾರನ್ನು ರೂಪಿಸಿದ ಎಂಜಿನಿಯರುಗಳಲ್ಲಿ ಒಬ್ಬರಾದರು. ಮುಂದೆ ಟೆಸ್ಲಾ ಕಂಪೆನಿಯಲ್ಲಿಯೂ ದುಡಿದರು. 1996ರಲ್ಲಿ ರಸ್ತೆಗಿಳಿದ ಇ.ವಿ.1 ಸಾವಿರಕ್ಕೆ ತುಸು ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ಕಂಪೆನಿ ಅದನ್ನು ಯಾರಿಗೂ ಮಾರದೆ ಬಾಡಿಗೆಗೆ ಕೊಟ್ಟು, ಕೆಲವೇ ವರ್ಷಗಳಲ್ಲಿ ಹಿಂದಕ್ಕೆ ತೆಗೆದುಕೊಂಡು, ಬಹುಪಾಲನ್ನು ಜಜ್ಜಿಹಾಕಿತು. ತಾವು ಕಟ್ಟಿದ ಯಂತ್ರ ಹೀಗಾದುದನ್ನು ಕಂಡ ಬಳಿಕವೂ ಅದೇ ಕೆಲಸಕ್ಕೆ ಹಿಂದಿರುಗುವುದು ಬರಿಯ ಸಂಬಳದ ಆಸೆಯಿಂದ ಆಗತಕ್ಕ ಮಾತಲ್ಲ. ಇಪ್ಪತ್ತರ ಪ್ರಾಯದಲ್ಲಿ ಹತ್ತಿದ ಹುಚ್ಚು ಅದು.

ಆ ಇ.ವಿ.1 ಹುಟ್ಟಿದ್ದೂ ಒಂದು ಪಂದ್ಯದ ಮನೆಯಿಂದಲೇ. ಅದಕ್ಕಾಗಿ ನಾವು ಆಸ್ಟ್ರೇಲಿಯಕ್ಕೆ ಹೋಗಬೇಕು. ಡೆನ್ಮಾರ್ಕಿನಲ್ಲಿ ಹುಟ್ಟಿ ಆಸ್ಟ್ರೇಲಿಯದಲ್ಲಿ ನೆಲೆಸಿದ ಹಾನ್ಸ್ ಥೋಲ್‌ಸ್ಟ್ರುಪ್ ಎಂಬ ಸಾಹಸಿ, 1982ರ ಕೊನೆಯಲ್ಲಿ ಹೊರಟು, ಬಿಸಿಲಿನಿಂದ ಓಡುವ ಬಂಡಿಯಲ್ಲಿ ಆ ಖಂಡವನ್ನು ಪಡುವಣದಿಂದ ಮೂಡಣಕ್ಕೆ ದಾಟಿದರು. ಅದೇ ಉತ್ಸಾಹದಲ್ಲಿ 1987ರಲ್ಲಿ ಅವರು ಸೌರ ಬಂಡಿಗಳ ಪಂದ್ಯವನ್ನು ಏರ್ಪಡಿಸಿದರು. ಉತ್ತರದ ಡಾರ್ವಿನ್ನಿನಿಂದ ದಕ್ಷಿಣದ ಆಡಿಲೇಡಿಗೆ 3,000 ಕಿಲೋಮೀಟರು. ಜನರಲ್ ಮೋಟಾರ್ಸಿನವರು ತಮ್ಮ ಬಂಡಿಯ ರಚನೆಯ ಹೊಣೆಯನ್ನು ಪಾಲ್ ಮೆಕ್‌ಕ್ರೆಡಿ ಎಂಬ ಎಂಜಿನಿಯರರ ಸಂಸ್ಥೆಗೆ ಒಪ್ಪಿಸಿದರು. ಮನುಷ್ಯನ ಕಾಲಿನ ಬಲದಿಂದಲೇ ಹಾರುವ ವಿಮಾನವನ್ನು ಕಟ್ಟಿ, 1979ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿಸಿದ ಮೆಕ್‌ಕ್ರೆಡಿ ಇವರೇ. ಇವರ ತಂಡ ಕಟ್ಟಿದ ಸನ್‌ರೇಸರ್ ಎಂಬ ಬಂಡಿಯ ಮೋಟಾರಿಗೆ ವಿದ್ಯುತ್ ಪೂರೈಸುವ ಎಲೆಕ್ಟ್ರಾನಿಕ್ ಮಂಡಲಗಳನ್ನು ರಚಿಸಿದವರು ಆಲನ್ ಕಾಕೋನಿ. ಇವರೂ ಕ್ಯಾಲ್‌ಟೆಕ್ಕಿನಲ್ಲಿ ಓದಿದವರು.

ಸನ್‌ರೇಸರಿನ ಮೈಮೇಲಿನ ಸೌರಕೋಶಗಳಿಂದ ನಡುಮಧ್ಯಾಹ್ನ ದೊರೆಯುತ್ತಿದ್ದ ವಿದ್ಯುತ್ತು ಸುಮಾರು 1,500 ವಾಟು. ಬಕೆಟ್ಟಿನಲ್ಲಿ ಇಳಿಬಿಟ್ಟು ಸ್ನಾನದ ನೀರು ಕಾಯಿಸುವ ಹೀಟರು ನುಂಗುವಷ್ಟು. ಅಷ್ಟರಿಂದ ಅದು ಗಂಟೆಗೆ ಸರಾಸರಿ 67 ಕಿಲೋಮೀಟರು ವೇಗದಲ್ಲಿ ಓಡಿ, ಉಳಿದವರನ್ನು ಬಹು ಹಿಂದೆ ಬಿಟ್ಟು ಗೆದ್ದಿತು. ಇದು ಹೇಗೆ ಸಾಧ್ಯವಾಯಿತೆಂಬುದನ್ನು ಪಿ.ಯು.ಸಿ. ವಿದ್ಯಾರ್ಥಿಯೇ ಲೆಕ್ಕ ಹಾಕಬಹುದು. ಗಾಳಿಯ ಎಳೆತವು ವಾಯುಸಾಂದ್ರತೆಯ ಅರ್ಧ, ಬಂಡಿಯ ಆಕಾರಕ್ಕೆ ಸಂಬಂಧಿಸಿದ ಗುಣಾಂಕ, ಮುಂಭಾಗದ ವಿಸ್ತಾರ, ವೇಗದ ವರ್ಗ ಇವುಗಳ ಗುಣಲಬ್ಧ. ಸನ್‌ರೇಸರಿನ ಗುಣಾಂಕ 0.125. ಮುಂಭಾಗದ ವಿಸ್ತಾರವನ್ನು ಒಂದು ಚದರ ಮೀಟರೆಂದು ಹಿಡಿಯೋಣ. ವೇಗ ಸೆಕೆಂಡಿಗೆ 18.6 ಮೀಟರು. ಎಳೆತ ಸುಮಾರು 26 ನ್ಯೂಟನ್, ಅದನ್ನು ಎದುರಿಸಿ ಓಡಲು ಬೇಕಾದ ಸಾಮರ್ಥ್ಯ 500 ವಾಟಿಗೂ ಕಡಿಮೆ. ಗುಣಾಂಕ 0.4, ವಿಸ್ತಾರ 2 ಚದರ ಮೀಟರು ಉಳ್ಳ ಡೊಳ್ಳು ಹೊಟ್ಟೆಯ ಕಾರಿಗೆ ಅದೇ ವೇಗದಲ್ಲಿ 3,000 ವಾಟು ಸಾಲದು. ಬ್ಯಾಟರಿಯ ಬಡತನವನ್ನು ಬ್ಯಾಟರಿಯಲ್ಲಿಯೇ ನೀಗಬೇಕೆಂದಿಲ್ಲ; ಬಂಡಿಯ ಮೈಯನ್ನು ತಿದ್ದಿಯೂ ನೀಗಬಹುದು. ಇದು ಈ ಪಂದ್ಯದಿಂದ ದೊರೆತ ದೊಡ್ಡ ಪಾಠ. 1990ರಲ್ಲಿ ಇದೇ ತಂಡ ರಚಿಸಿಕೊಟ್ಟ ಇಂಪ್ಯಾಕ್ಟ್ ಎಂಬ ಮಾದರಿ ಕಾರೇ ಮುಂದೆ ಇ.ವಿ.1 ಆದದ್ದು, ಅದರ ಗುಣಾಂಕವೂ 0.19ಕ್ಕೆ ಇಳಿದಿತ್ತು.

ಗೆಲುವಿನ ಸಂಭ್ರಮದಲ್ಲಿ ಜನರಲ್ ಮೋಟಾರ್ಸಿನವರು ಮಾಡಿದ ಇನ್ನೊಂದು ಕೆಲಸ ನಮ್ಮ ಎಣಿಕೆಯಲ್ಲಿ ಕಾರಿಗಿಂತಲೂ ಹೆಚ್ಚಿನದು. ಅವರು ಅಮೆರಿಕದ ಕಾಲೇಜುಗಳಿಗೆಂದೇ ಒಂದು ಸೌರ ಬಂಡಿ ಪಂದ್ಯವನ್ನು 1990ರಲ್ಲಿ ನಡೆಸಿದರು. 32 ಕಾಲೇಜುಗಳ ತಂಡಗಳು ಫ್ಲಾರಿಡಾದಿಂದ ಮಿಷಿಗನ್ನಿನವರೆಗೆ ತಮ್ಮ ತಮ್ಮ ಬಂಡಿಗಳನ್ನು ಓಡಿಸಿದವು. ಗೆದ್ದದ್ದು ಮಿಷಿಗನ್ ವಿಶ್ವವಿದ್ಯಾಲಯದ ಸನ್‌ರನ್ನರ್. ಅದೇ ವರ್ಷ ಆಸ್ಟ್ರೇಲಿಯದ ಪಂದ್ಯಕ್ಕೂ ಹೋಗಿ ಸನ್‌ರನ್ನರ್ ಮೂರನೆಯದಾಗಿ ಬಂದಿತು. ಎರಡನೆಯದು ಜಪಾನಿನ ಹೋಂಡಾ ಕಂಪೆನಿಯ ಬಂಡಿ. ಮೊದಲನೆಯದು? ಸ್ವಿಟ್ಜರ್ಲೆಂಡಿನ ಬೀಲ್ ಎಂಬ ಊರಿನ ಎಂಜಿನಿಯರಿಂಗ್ ಶಾಲೆಯದು! ಹೋಂಡಾದಂಥ ಭಾರಿ ಕಂಪೆನಿಯನ್ನು ಒಂದು ಶಾಲೆ ಹಿಂದೆ ಹಾಕಿತೆಂಬುದನ್ನು ನಮ್ಮ ಕಾಲೇಜುಗಳ ಗೋಡೆಯ ಮೇಲೆ ಬರೆಯಿಸಬೇಕು.

ಮಿಷಿಗನ್ನಿನ ತಂಡದಲ್ಲಿ ಬೆಂಗಳೂರಿನವರೊಬ್ಬರಿದ್ದರು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಲು ಅಲ್ಲಿಗೆ ಹೋಗಿದ್ದ ಚೇತನ್ ಮೈನಿ. ಮುಂದೆ ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು. 1994ರಲ್ಲಿ ಮೈನಿ ಮನೆತನದ ಉದ್ಯಮವೂ ಅಮೆರಿಕದ ಅಮೆರಿಗಾನ್ ಎಂಬ ಕಂಪೆನಿಯೂ ಕೂಡಿ ಬೆಂಗಳೂರಿನಲ್ಲಿ ವಿದ್ಯುತ್ ಕಾರಿನ ಕಂಪೆನಿಯೊಂದನ್ನು ಸ್ಥಾಪಿಸಿದವು. ಏಳು ವರ್ಷಗಳ ದುಡಿಮೆಯ ಬಳಿಕ, 2001ರಲ್ಲಿ, ರೇವಾ ಎಂಬ ಪುಟ್ಟ ಕಾರು ಬೆಂಗಳೂರಿನ ಬೀದಿಗಳಲ್ಲಿ ಕಾಣಿಸಿಕೊಂಡಿತು. ಎರಡೇ ಬಾಗಿಲು; ಮುಂದೆ ಇಬ್ಬರು ದೊಡ್ಡವರು, ಹಿಂದೆ ಹೇಗೋ ಇಬ್ಬರು ಮಕ್ಕಳು.

ಈ ಕಾರಿನ ಒಳಗನ್ನು ತುಸು ನೋಡೋಣ. ನಾವು ಭೌತಶಾಸ್ತ್ರದ ತರಗತಿಯಲ್ಲಿ ಉದಾಹರಣೆಗೆಂದು ಇದನ್ನು ಎತ್ತಿಕೊಳ್ಳುವುದುಂಟು. ಆರಾರು ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದ್ದರಿಂದ 48 ವೋಲ್ಟು. ಒಂದೊಂದೂ 200 ಆಂಪಿಯರ್-ಗಂಟೆಯದು. ಗುಣಿಸಿದರೆ 9,600 ವಾಟ್-ಗಂಟೆ, ಎಂದರೆ 10 ಯೂನಿಟ್ಟಿಗೂ ಕಡಿಮೆ. ಇಷ್ಟರಲ್ಲಿ ಅದು 80 ಕಿಲೋಮೀಟರು ಓಡಬಲ್ಲುದೆಂದು ಹೇಳಲಾಗಿತ್ತು. ಕಿಲೋಮೀಟರಿಗೆ 120 ವಾಟ್-ಗಂಟೆ ತಗಲಿತು. ಊರೊಳಗಿನ ಓಡಾಟದಲ್ಲಿ ಶಕ್ತಿಯನ್ನು ಕದಿಯುವುದು ಗಾಳಿಗಿಂತ ಹೆಚ್ಚಾಗಿ ಬ್ರೇಕು. ಸಾವಿರ ಕಿಲೋಗ್ರಾಂ ತೂಕದ ಕಾರು ಸೆಕೆಂಡಿಗೆ 10 ಮೀಟರು ವೇಗದಲ್ಲಿರುವಾಗ ಅದರ ಚಲನಶಕ್ತಿ 50,000 ಜೌಲ್. ಪ್ರತಿಯೊಂದು ಕೆಂಪು ದೀಪಕ್ಕೂ ಇದನ್ನು ಬ್ರೇಕಿನ ಬಿಸಿಯಾಗಿ ಚೆಲ್ಲಿ, ಹಸಿರು ಬಂದೊಡನೆ ಬ್ಯಾಟರಿಯಿಂದ ಮತ್ತೆ ಸಾಲ ಪಡೆಯಬೇಕು. ನೂರು ಸಲ ನಿಂತು ಹೊರಟರೆ 50 ಲಕ್ಷ ಜೌಲ್, ಸುಮಾರು 1.4 ಯೂನಿಟ್. ಹತ್ತು ಯೂನಿಟ್ಟಿನ ಸಂಸಾರದಲ್ಲಿ ಇದು ಸಣ್ಣ ನಷ್ಟವಲ್ಲ. ಆದ್ದರಿಂದ ಬ್ರೇಕು ಹಾಕುವಾಗ ಮೋಟಾರನ್ನೇ ಡೈನಮೋ ಆಗಿ ತಿರುಗಿಸಿ, ಚಲನಶಕ್ತಿಯ ಒಂದಂಶವನ್ನು ಬ್ಯಾಟರಿಗೆ ಮರಳಿಸುತ್ತಾರೆ. ಫ್ಯಾರಡೆಯ ಪ್ರೇರಣೆ, ಲೆನ್ಜ್‌ನ ನಿಯಮ ಎರಡನ್ನೂ ಇಷ್ಟು ಲಾಭಕರವಾಗಿ ದುಡಿಸಿಕೊಳ್ಳುವ ಸ್ಥಳ ಬೇರೊಂದು ನಮಗೆ ತಿಳಿಯದು.

ರೇವಾವನ್ನು ಹೊಗಳುವವರು ಮುಚ್ಚಿಡಬಾರದ ಸಂಗತಿಗಳೂ ಇವೆ. 2004ರಿಂದ ಅದು ಜಿ-ವಿಜ್ ಎಂಬ ಹೆಸರಿನಿಂದ ಲಂಡನ್ನಿನಲ್ಲಿ ಮಾರಾಟವಾಯಿತು. ನಗರದ ನಡುಭಾಗವನ್ನು ಹೊಗುವ ಕಾರುಗಳಿಗೆ ಅಲ್ಲಿ ವಿಧಿಸಿದ್ದ ಸುಂಕ ವಿದ್ಯುತ್ ಬಂಡಿಗಳಿಗೆ ಆಗ ಇರಲಿಲ್ಲವಾದ ಕಾರಣ ಜನ ಅದನ್ನು ಮೆಚ್ಚಿ ಕೊಂಡರು. ಆದರೆ ಯೂರೋಪಿನ ಕಾನೂನಿನಲ್ಲಿ ಅದು ಪೂರ್ಣ ಕಾರಲ್ಲ, ಹಗುರ ನಾಲ್ಚಕ್ರಿ. 2007ರಲ್ಲಿ ಬ್ರಿಟನ್ನಿನಲ್ಲಿ ನಡೆದ ಡಿಕ್ಕಿಯ ಪರೀಕ್ಷೆಯ ಬಳಿಕ ಅದರ ಸುರಕ್ಷತೆ ಕಟುವಾದ ಟೀಕೆಗೆ ಗುರಿಯಾಯಿತು. ಒಟ್ಟು ಮಾರಾಟವೂ ಕೆಲವು ಸಾವಿರವನ್ನು ಮೀರಲಿಲ್ಲ. 2010ರಲ್ಲಿ ಕಂಪೆನಿಯ ಹೆಚ್ಚಿನ ಪಾಲನ್ನು ಮಹೀಂದ್ರ ಸಂಸ್ಥೆ ಕೊಂಡುಕೊಂಡಿತು. ವ್ಯಾಪಾರದ ಕಣ್ಣಿಗೆ ಇದು ದೊಡ್ಡ ವಿಜಯವಲ್ಲ. ಆದರೆ ವಿದ್ಯುತ್ ಕಾರನ್ನು ಲೋಕವೆಲ್ಲ ಗೇಲಿ ಮಾಡುತ್ತಿದ್ದ ಕಾಲದಲ್ಲಿ, ಬೆಂಗಳೂರಿನ ಕೈಗಾರಿಕಾ ಬಡಾವಣೆಯೊಂದರಲ್ಲಿ ಕುಳಿತು, ಅಂಥದೊಂದನ್ನು ದಿನಬಳಕೆಗೆ ಒದಗುವಂತೆ ಮಾಡಿ, ಹೊರದೇಶಕ್ಕೂ ಕಳುಹಿಸಿದ ಎಂಜಿನಿಯರುಗಳ ಕೆಲಸವನ್ನು ಮಾರಾಟದ ಅಂಕೆಯಿಂದ ಅಳೆಯಲು ನಮಗೆ ಮನಸ್ಸಾಗದು.

ಈಚೆಗೆ ಆ ಹಳೆಯ ನೂರರ ಅಂಕೆಯೂ ಕರಗಿದೆ. ಲಿಥಿಯಂ ಅಯಾನು ಕೋಶಗಳು ಬಂದ ಮೇಲೆ ಪೆಟ್ರೋಲಿನ ಮೇಲುಗೈ ತೂಕಕ್ಕೆ ತೂಕ ಹದಿನೈದು ಇಪ್ಪತ್ತು ಪಟ್ಟಿಗೆ ಇಳಿಯಿತು. ಕಾಕೋನಿ ತಮ್ಮ ಟೀ-ಜೀರೋ ಎಂಬ ಕಾರಿಗೆ 2003ರಲ್ಲಿ ಈ ಕೋಶಗಳನ್ನು ಅಳವಡಿಸಿ ತೋರಿಸಿದರು. ಟೆಸ್ಲಾ ಕಂಪೆನಿಯ ಮೊದಲ ಕಾರಿಗೆ ಅದೇ ಪ್ರೇರಣೆಯಾಯಿತು. ಬೆಂಗಳೂರಿನಲ್ಲಿಯೇ ಈಗ ವಿದ್ಯುತ್ ಸ್ಕೂಟರುಗಳು ಎಲ್ಲೆಡೆ ಕಾಣುತ್ತವೆ. ಅವುಗಳಲ್ಲಿ ಹೆಸರಾದ ಏಥರ್ ಎಂಬುದನ್ನು 2013ರಲ್ಲಿ ಆರಂಭಿಸಿದವರು ಮದರಾಸಿನ ಐ.ಐ.ಟಿ.ಯಲ್ಲಿ ಓದಿ ಹೊರಬಂದ ಇಬ್ಬರು ತರುಣರು. ಹಾಗೆಂದು ಎಲ್ಲವೂ ಮುಗಿಯಿತೆಂದು ವಿದ್ಯಾರ್ಥಿಗಳು ನಿರಾಶರಾಗಬೇಕಿಲ್ಲ! ನಮ್ಮ ಬೇಸಿಗೆಯ ಬಿಸಿಲಿನಲ್ಲಿ ಕೋಶಗಳು ಬೇಗ ಮುಪ್ಪಾಗದಂತೆ ತಣ್ಣಗಿಡುವುದು, ಸವೆದ ಬ್ಯಾಟರಿಗಳಿಂದ ಲೋಹಗಳನ್ನು ಮರಳಿ ಪಡೆಯುವುದು, ಅಪರೂಪದ ಧಾತುಗಳ ಅಯಸ್ಕಾಂತವಿಲ್ಲದ ಅಗ್ಗದ ಮೋಟಾರನ್ನು ಕಟ್ಟುವುದು, ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನದಂಥ ಕಡೆಗಳಲ್ಲಿ ಹಗಲು ಹುಟ್ಟುವ ವಿದ್ಯುತ್ತನ್ನು ರಾತ್ರಿ ಮನೆಯಲ್ಲಿ ನಿಂತ ಕಾರಿಗೆ ಮುಟ್ಟಿಸುವುದು, ಇವೆಲ್ಲ ಕೆಲಸಗಾರರನ್ನು ಕಾಯುತ್ತಿವೆ. ಕಲ್ಲಿದ್ದಲಿನಿಂದ ಬಂದ ವಿದ್ಯುತ್ತಿನಲ್ಲಿ ಓಡುವ ಕಾರು ಹೊಗೆಯನ್ನು ಊರಿನಿಂದಾಚೆಗೆ ದಾಟಿಸಿದೆಯೇ ಹೊರತು ಇಲ್ಲವಾಗಿಸಿಲ್ಲ.

ಇಲ್ಲಿ ನಮಗೆ ಹೇಳಲೇಬೇಕೆನಿಸುವ ಮಾತೊಂದಿದೆ. ಎಂಜಿನಿಯರಿಂಗ್ ಎಂದರೆ ಪ್ರವೇಶ ಪರೀಕ್ಷೆಯ ಶ್ರೇಯಾಂಕ, ಆಮೇಲೆ ಕಂಪೆನಿಯ ಸಂದರ್ಶನ ಎಂದಷ್ಟೇ ತಿಳಿದ ಮನೆಗಳು ನಮ್ಮಲ್ಲಿ ಹೆಚ್ಚು. ಕೊನೆಯ ವರ್ಷದ ಪ್ರಾಜೆಕ್ಟನ್ನು ಅಂಗಡಿಯಲ್ಲಿ ಹಣ ಕೊಟ್ಟು ಕೊಂಡು ತರುವ ವಿದ್ಯಾರ್ಥಿಗಳೂ ಉಂಟು. ಅಧ್ಯಾಪಕರಾದ ನಾವೂ ಕಂಡೂ ಕಾಣದಂತೆ ಅಂಕ ಕೊಡುವುದುಂಟು. ಹೈಸ್ಕೂಲಿನ ಹುಡುಗನೋ ಹುಡುಗಿಯೋ ಹಳೆಯ ಸೈಕಲ್ಲಿಗೆ ಮೋಟಾರು ಕಟ್ಟಿ ಓಡಿಸಲು ಹೊರಟರೆ ಓದು ಕೆಡುವುದೆಂದು ಗದರಿಸುತ್ತೇವೆ. ಸುರಕ್ಷತೆಯ ವಿಷಯದಲ್ಲಿ ಗದರಿಸುವುದು ಸರಿಯೇ. ಲಿಥಿಯಂ ಬ್ಯಾಟರಿ ಆಟಿಕೆಯಲ್ಲ. ಹಿರಿಯರೊಬ್ಬರ ಕಣ್ಣೆದುರಿನಲ್ಲಿಯೇ ಅದನ್ನು ಮುಟ್ಟಬೇಕು. ಆದರೆ ಮೋಟಾರು ಏಕೆ ಬಿಸಿಯಾಯಿತು, ಏರಿನಲ್ಲಿ ಬ್ಯಾಟರಿ ಏಕೆ ಬೇಗ ಇಳಿಯಿತು ಎಂದು ಕೇಳಿಕೊಂಡು ಬರುವ ವಿದ್ಯಾರ್ಥಿಗೆ ನಾವು ಪಾಠವನ್ನು ಒತ್ತಿ ಕಲಿಸಬೇಕಾಗಿಯೇ ಇಲ್ಲ.

ಆಸಕ್ತಿಯುಳ್ಳವರಿಗೆ ದಾರಿಗಳು ಈಗ ಹಿಂದಿಗಿಂತ ಹತ್ತಿರವಾಗಿವೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಂದು ಕೊಯಮತ್ತೂರಿನ ಕರಿ ಪಂದ್ಯಪಥದಲ್ಲಿ ನಡೆಯುವ ಫಾರ್ಮುಲಾ ಭಾರತ್ ಸ್ಪರ್ಧೆಯಲ್ಲಿ ವಿದ್ಯುತ್ ಬಂಡಿಗಳ ವಿಭಾಗವೂ ಇದೆ. ಅಲ್ಲಿ ವೇಗಕ್ಕಷ್ಟೇ ಅಂಕವಿಲ್ಲ. ಬಂಡಿಯನ್ನು ಹೀಗೆಯೇ ಏಕೆ ರಚಿಸಿದಿರಿ, ಇದಕ್ಕೆಷ್ಟು ವೆಚ್ಚವಾದೀತು ಎಂದು ತೀರ್ಪುಗಾರರು ಕೇಳುವ ಪ್ರಶ್ನೆಗಳಿಗೆ ತಂಡದವರೇ ನಿಂತು ಉತ್ತರಿಸಬೇಕು. ಇಂಥ ಸ್ಪರ್ಧೆಗಳಲ್ಲಿ ವಿದ್ಯುತ್ ಬಂಡಿಗಳಿಗೆಂದೇ ಒಂದು ಮಳೆಯ ಪರೀಕ್ಷೆಯಿರುತ್ತದೆ. ಬಂಡಿಯ ವಿದ್ಯುತ್ ವ್ಯವಸ್ಥೆಯನ್ನು ಚಾಲೂ ಮಾಡಿ, ಮೇಲಿನಿಂದ ನಾಲ್ಕು ಕಡೆಗೂ ಕೆಲವು ನಿಮಿಷ ನೀರನ್ನು ಸುರಿಸುತ್ತಾರೆ. ತಂತಿಗಳ ಹೊದಿಕೆಯಲ್ಲಿ, ಪೆಟ್ಟಿಗೆಯ ಸಂದುಗಳಲ್ಲಿ ಎಲ್ಲಿಯಾದರೂ ನೀರು ಹೊಕ್ಕು ವಿದ್ಯುತ್ತು ಬಂಡಿಯ ಮೈಗೆ ಸೋರಿದರೆ ಕಾವಲಿನ ಉಪಕರಣ ಒಡನೆಯೇ ಸಂಪರ್ಕವನ್ನು ಕಡಿದುಹಾಕುವುದು. ಆಗ ಬಂಡಿ ಪಥಕ್ಕೆ ಇಳಿಯುವಂತಿಲ್ಲ, ಬಿಚ್ಚಿ ಒರೆಸಿ ಮತ್ತೆ ಕಟ್ಟಬೇಕು. ಕಡಿಯದೆ ಉಳಿದರೆ ಅವರು ಬಂಡಿಯನ್ನು ಬ್ರೇಕಿನ ಪರೀಕ್ಷೆಗೆ ತಳ್ಳಿಕೊಂಡು ಹೋಗಬಹುದು.